ಕೆರ್ತು ಒಬ್ಬಳೇ ಶಾಲೆಗೆ ಹೋದದ್ದು

ಪೆಟ್ರಿ: ತಲೆ ತಗ್ಗಿಸೇ! ಆ ಹಳದಿ ಟೋಪಿ ತೆಗಿ ಮೊದಲು, ಮೈಲಿ ದೂರಕ್ಕೆ ಕಾಣುತ್ತೆ.

ಹನ್ನೆಲೆ: ನನ್ನ ಟೋಪಿ ಬಿಡು, ನಿನ್ನ ಹೊಟ್ಟೆ ಒಳಗೆ ಎಳ್ಕೊ. ಡಬ್ಬಿಯಿಂದ ಅರ್ಧ ಆಚೆ ಇದೆ.

ತಾಂಪೆರೆ ಎಂಬ ಊರಿನ ತಮ್ಮ ಬಡಾವಣೆಯಲ್ಲಿ, ರದ್ದಿ ಕಾಗದ ಹಾಕುವ ದೊಡ್ಡ ಡಬ್ಬಿಯ ಹಿಂದೆ ಗಂಡ ಹೆಂಡತಿ ಕುಕ್ಕರುಗಾಲಲ್ಲಿ ಕೂತಿದ್ದರು. ಆಗಸ್ಟ್ ತಿಂಗಳು, ರಜೆ ಮುಗಿದು ಶಾಲೆ ತೆರೆದ ಮೊದಲ ವಾರ. ಮುಂದೆ ರಸ್ತೆಯಲ್ಲಿ ಅವರ ಏಳು ವರ್ಷದ ಮಗಳು ಕೆರ್ತು, ಮನೆಯ ಕೀಲಿಯನ್ನು ಕೊರಳಿಗೆ ನೇತುಹಾಕಿಕೊಂಡು, ತನಗಿಂತ ಅಗಲವಾದ ಚೀಲ ಹೊತ್ತು ನಡೆದಿದ್ದಳು. "ಇವತ್ತಿಂದ ನಾನೊಬ್ಬಳೇ ಹೋಗೋದು. ಹಿಂದೆ ಬಂದ್ರೆ ನಿಮ್ಮ ಹತ್ರ ಮಾತೇ ಬಿಡ್ತೀನಿ," ಎಂದು ತಿಂಡಿಯ ಹೊತ್ತಿಗೇ ಕಟ್ಟಪ್ಪಣೆ ಮಾಡಿದ್ದಳು. ಅಪ್ಪ ಅಮ್ಮ ಇಬ್ಬರೂ ಗಂಜಿಯ ಬಟ್ಟಲು ಮುಟ್ಟಿ ಆಣೆ ಮಾಡಿದ್ದರು. ಕೆರ್ತು ಮಾತು ಬಿಟ್ಟರೆ ಬಿಟ್ಟಂತೆಯೇ. ಹಿಂದೊಮ್ಮೆ ಅಜ್ಜಿಯ ಮೇಲೆ ಮುನಿಸಿಕೊಂಡು ಇಡೀ ಚಳಿಗಾಲ ಬಾಯಿ ಬಿಟ್ಟಿರಲಿಲ್ಲ.

ಹನ್ನೆಲೆ: ಆಫೀಸಲ್ಲಿ ಮೀಟಿಂಗ್ ಅಂದಿದ್ದೆ ನೀನು.

ಪೆಟ್ರಿ: ನೀನು ಹಲ್ಲಿನ ಡಾಕ್ಟರ ಹತ್ರ ಹೋಗ್ಬೇಕು ಅಂದಿದ್ದೆ.

ಹನ್ನೆಲೆ: ನೀನು ಆಣೆ ಮುರೀತೀಯ ಅಂತ ಗೊತ್ತಿತ್ತು. ಹಿಡಿಯೋಕೆ ಬಂದೆ.

ಪೆಟ್ರಿ: ನಾನೂ ಅದಕ್ಕೇ ಬಂದದ್ದು!

ಹನ್ನೆಲೆ: ಸರಿ, ಹಿಡಿದಾಯ್ತಲ್ಲ. ಮನೆಗೆ ನಡಿ.

ಪೆಟ್ರಿ: ನೀನು ಮೊದಲು ನಡಿ.

ಇಬ್ಬರೂ ನಡೆದರು, ಮನೆಯ ಕಡೆಗಲ್ಲ, ಬಗ್ಗಿಕೊಂಡು ಮುಂದಿನ ಪೊದೆಯ ಕಡೆಗೆ. ನಿಜ ಹೇಳಬೇಕೆಂದರೆ, ಬೆಳಿಗ್ಗೆ ಆ ಪುಟ್ಟ ಹೆಜ್ಜೆಗಳು ಮೆಟ್ಟಿಲಿಳಿದು ಹೋದ ಸದ್ದಿಗೆ ಪೆಟ್ರಿ ಓಡಿಹೋಗಿ ಕಿಟಕಿಗೆ ಮೂಗು ಒತ್ತಿ ನಿಂತಿದ್ದ. ಹೆಂಡತಿಗೆ ಅದನ್ನು ಹೇಳುವಷ್ಟು ಬುದ್ಧಿಗೇಡಿ ಅವನಲ್ಲ.

ಪೊದೆಯ ಹಿಂದೆ ಜಾಗವಿರಲಿಲ್ಲ. ಅವರ ಮೇಲಿನ ಮಹಡಿಯ ಓಸ್ಮೊ ಬುಟ್ಟಿ, ಚಾಕು ಹಿಡಿದು ಅಲ್ಲಿ ಮೊದಲೇ ಕೂತಿದ್ದ.

ಪೆಟ್ರಿ: ಏನ್ರೀ ಇಲ್ಲಿ?

ಓಸ್ಮೊ: ಅಣಬೆ.

ಹನ್ನೆಲೆ: ಇದು ಕಾರು ನಿಲ್ಲಿಸೋ ಜಾಗ ಕಣ್ರೀ. ನೀವು ಕೆರೀತಾ ಇರೋದು ಡಾಂಬರು.

ಓಸ್ಮೊ: ಈ ಸಲ ಫಸಲು ಕಡಿಮೆ.

ಓಸ್ಮೊ ಚಾಕುವನ್ನು ಬುಟ್ಟಿಗೆ ಹಾಕಿದ.

ಓಸ್ಮೊ: ನಮ್ಮ ಹುಡುಗ ತೊಯ್ವೊನೂ ಇವತ್ತು ಒಬ್ಬನೇ ಶಾಲೆಗೆ ಹೊರಟ.

ಆರು ವರ್ಷದಿಂದ ಒಂದೇ ಕಟ್ಟಡದಲ್ಲಿದ್ದರೂ ಅವರು ಮಾತಾಡಿದ್ದು ಇದೇ ಮೊದಲು. ಹೊರಗೆ ಪಕ್ಕದವರ ಬಾಗಿಲ ಸದ್ದಾದರೆ ಅವರು ಕೆಳಗಿಳಿಯುವ ತನಕ ಒಳಗೇ ಕಾಯುವುದು ಅಲ್ಲಿನ ಮರ್ಯಾದೆ. ಇಷ್ಟೆಲ್ಲ ಹರಟೆ ಹೊಡೆದದ್ದಕ್ಕೆ ಪೆಟ್ರಿಗೆ ನಾಚಿಕೆಯೇ ಆಯಿತು.

ಅಷ್ಟರಲ್ಲಿ ಕೆರ್ತು ನಿಂತಳು.

ಹನ್ನೆಲೆ: ಅಯ್ಯೋ, ಶೂ ಲೇಸು ಬಿಚ್ಚಿದೆ! ಬಿದ್ದುಬಿಡ್ತಾಳೆ. ಬಿಡು ನನ್ನ.

ಪೆಟ್ರಿ: ಆಣೆ ಮಾಡಿದ್ದೀಯ ಕಣೇ!

ಹನ್ನೆಲೆ: ಲೇಸಿನ ವಿಷಯ ಆಣೆಯಲ್ಲಿ ಬಂದಿರಲಿಲ್ಲ.

ಪೆಟ್ರಿ: ಎಲ್ಲಾ ಸೇರೇ ಆಣೆ. ಲೇಸೂ ಸೇರಿ.

ಓಸ್ಮೊ: ಮೆಲ್ಲಗೆ ಜಗಳಾಡ್ರೀ. ಅಣಬೆ ಹೆದರ್ತವೆ.

ಕೆರ್ತು ಚೀಲ ಇಳಿಸಿ, ನೆಲದ ಮೇಲೆ ಕೂತು, ನಾಲಗೆ ಹೊರಚಾಚಿ ಲೇಸು ಕಟ್ಟತೊಡಗಿದಳು. ಒಂದು ಸಲ ಜಾರಿತು. ಮತ್ತೊಂದು ಸಲ ಚೀಲದ ಪಟ್ಟಿಯೂ ಸೇರಿ ಗಂಟುಬಿತ್ತು. ಅದನ್ನು ಬಿಡಿಸಿ, ಮೂರನೇ ಸಲ ಎಳೆದು ಬಿಗಿದಳು. ಹನ್ನೆಲೆ ಉಸಿರು ಬಿಟ್ಟಳು. ಅವಳ ಜೊತೆಗೆ ಎಡಗಡೆಯ ಪೊದೆಯೂ ಉಸಿರು ಬಿಟ್ಟಿತು. ಸೈಕಲ್ ಶೆಡ್ಡಿನ ಹಿಂದಿನಿಂದ ಯಾರೋ "ಶಭಾಶ್" ಎಂದರು. ಚಳಿಗಾಲದಲ್ಲಿ ರಸ್ತೆಗೆ ಎರಚುವ ಮರಳಿನ ಪೆಟ್ಟಿಗೆಯ ಮುಚ್ಚಳ ಎದ್ದು, ಒಳಗಿನಿಂದ ಯಾರದೋ ಅಜ್ಜಿ ಕನ್ನಡಕ ಒರೆಸಿಕೊಂಡರು.

ಪೆಟ್ರಿ: ನೀವು ಯಾವಾಗಿಂದ ಅದರೊಳಗೆ?

ಅಜ್ಜಿ: ಆರು ಗಂಟೆಯಿಂದ ಕಣಪ್ಪ. ಒಳ್ಳೆ ಜಾಗ ಬೇಕಂದ್ರೆ ಬೇಗ ಬರ್ಬೇಕು. ಈಗ ಪಕ್ಕಕ್ಕೆ ಸರಿಯಪ್ಪ, ಮೊಮ್ಮಗಳು ಕಾಣ್ತಿಲ್ಲ.

ಶಾಲೆಯ ಮುಂದಿನ ರಸ್ತೆ ದಾಟುವ ಪಟ್ಟೆಗಳ ಬಳಿ ತೊಯ್ವೊ, ಅಜ್ಜಿಯ ಮೊಮ್ಮಗಳು, ಇನ್ನೂ ಕೆಲವು ಮಕ್ಕಳು ನಿಂತಿದ್ದರು. ಕೆರ್ತುವೂ ಹೋಗಿ ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಮತ್ತೆ ಎಡಕ್ಕೆ ನೋಡಿದಳು. ಒಂದು ಕಾರೂ ಇರಲಿಲ್ಲ. ಆದರೂ ದಾಟಲಿಲ್ಲ.

ಹನ್ನೆಲೆ: ಯಾಕೆ ನಿಂತಳು? ಮರೆತಳಾ? ಹೇಳಿಕೊಟ್ಟಿದ್ದೆ ತಾನೇ ನೀನು?

ಪೆಟ್ರಿ: ನೂರು ಸಲ ಹೇಳಿಕೊಟ್ಟಿದ್ದೀನಿ.

ಹನ್ನೆಲೆ: ಮತ್ತೆ ಯಾರಿಗೆ ಕಾಯ್ತಿದ್ದಾಳೆ?

ಕೆರ್ತು ಹಿಂದೆ ತಿರುಗದೆಯೇ ಗಟ್ಟಿಯಾಗಿ ಕೂಗಿದಳು.

ಕೆರ್ತು: ಅಪ್ಪಾ, ಅಮ್ಮಾ, ಈಗ ಕಾರಿಲ್ಲ, ದಾಟಬಹುದು! ಮಿಕ್ಕೋರೂ ಬನ್ನಿ. ಇಬ್ಬಿಬ್ರು ಕೈ ಹಿಡ್ಕೊಂಡು. ಯಾರೂ ಓಡ್ಬಾರ್ದು.

ಪೊದೆಗಳು ಅಲುಗಾಡಿದವು. ಮೊಣಕಾಲಿನ ಮಣ್ಣು ಕೊಡವಿಕೊಳ್ಳುತ್ತ ದೊಡ್ಡವರ ದಂಡೇ ಹೊರಬಂತು. ಪೆಟ್ರಿ ಹನ್ನೆಲೆಯ ಕೈ ಹಿಡಿದ. ಓಸ್ಮೊ, ಜೋಡಿ ಸಿಗದೆ, ಅಜ್ಜಿಯನ್ನು ಪೆಟ್ಟಿಗೆಯಿಂದ ಎತ್ತಿ ಕೈ ಹಿಡಿದುಕೊಂಡ. ಮಕ್ಕಳು ಮುಂದೆ, ದೊಡ್ಡವರು ಹಿಂದೆ, ಎಲ್ಲರೂ ತಲೆ ತಗ್ಗಿಸಿ ದಾಟಿದರು. ಗೇಟಿನ ಬಳಿ ಪೆಟ್ರಿ ಮಗಳ ಮುಂದೆ ಮಂಡಿಯೂರಿದ.

ಪೆಟ್ರಿ: ಮಾತು ಬಿಟ್ಯಾ, ಚಿನ್ನಾ?

ಕೆರ್ತು ಅವನ ಮುಖವನ್ನೂ ಅಮ್ಮನ ಮುಖವನ್ನೂ ನೋಡಿ, ದೊಡ್ಡ ಮನಸ್ಸು ಮಾಡಿದಳು.

ಕೆರ್ತು: ಇಲ್ಲ ಬಿಡಿ. ಮೊದಲ ವಾರ ಎಲ್ಲರಿಗೂ ಅಳು ಬರುತ್ತೆ ಅಂತ ಟೀಚರ್ ಹೇಳಿದ್ದಾರೆ. ಈಗ ಮನೆಗೆ ನೀವೇ ಹೋಗ್ತೀರಾ, ಇಲ್ಲಾ ನಾನು ಬಿಟ್ಟು ಬರ್ಲಾ?