ಹೆಬ್ಬೆರಳ ಉಗುರಿನಲ್ಲಿ ತೊಂಬತ್ತೈದು ಸೆಂಟು ಮಳೆ

ಮೂಡಿಗೆರೆಯಲ್ಲಿ ಇಪ್ಪತ್ತು ವರ್ಷದಿಂದ ಪೆನ್ಸಿಲ್ ಮಾರುತ್ತಿರುವ ನನಗೆ, ಒಂದು ಪೆನ್ಸಿಲ್ ಆರಿಸುವುದು ಕಷ್ಟವಾಗಬಹುದೆಂಬ ಅನುಮಾನ ಕನಸಿನಲ್ಲೂ ಬಂದಿರಲಿಲ್ಲ. ಅದೂ ಸಾಸಿವೆ ಕಾಳಿನಷ್ಟು ಪೆನ್ಸಿಲ್.

ವಿಷಯ ಇಷ್ಟು. ಮನಸ್ಸನ್ನು ಓದುವ ಜಾದೂ ಮಾಡುವವರು ಒಂದು ಚೀಟಿಯಲ್ಲಿ ಮೊದಲೇ ಏನೋ ಬರೆದಂತೆ ನಟಿಸುತ್ತಾರೆ. ಎಲ್ಲರ ಮುಂದೆ ಪೆನ್ನನ್ನು ಜೇಬಿಗೆ ಹಾಕುತ್ತಾರೆ. ಆಮೇಲೆ ನೀವು ಮನಸ್ಸಿನಲ್ಲಿ ನೆನೆದ ಅಂಕಿಯನ್ನು ಹೇಳುತ್ತೀರಿ. ಚೀಟಿ ತಿರುಗಿಸಿದರೆ ಅದೇ ಅಂಕಿ! ಗುಟ್ಟು ಹೆಬ್ಬೆರಳಿನ ಉಗುರಿನಲ್ಲಿರುತ್ತದೆ. ಅಲ್ಲಿ ಅಂಟಿಕೊಂಡ ಒಂದು ಚೂರು ಸೀಸದ ಕಡ್ಡಿಯಿಂದ, ನೀವು ಅಂಕಿ ಹೇಳಿದ ಮೇಲೆ ಅವರು ಚೀಟಿಯ ಮರೆಯಲ್ಲಿ ಸರಸರನೆ ಬರೆದುಬಿಡುತ್ತಾರೆ. ಮೊಬೈಲಿನಲ್ಲಿ ಇದನ್ನು ನೋಡಿದ ದಿನವೇ ನಾನು ಹುಟ್ಟಿದ್ದು ಇದಕ್ಕೇ ಎಂದು ನನಗೆ ಖಾತ್ರಿಯಾಯಿತು.

ಈ ಹುಚ್ಚಿನ ಹಿಂದೆ ಒಂದು ನೋವೂ ಇತ್ತು. ನನ್ನ ಮಾವ ಮಲ್ಲಂದೂರಿನ ಕಾಫಿ ಬೆಳೆಗಾರರು. ಆ ಕಡೆಯವರಿಗೆ ಮಾತು ಅಂದರೆ ಮಳೆ. ಒಂದು ಹನಿ ಬಿದ್ದರೂ ಮಳೆ ಗೇಜಿನ ನೀರನ್ನು ಗ್ಲಾಸಿಗೆ ಸುರಿದು ಅಳೆದು, ಡೈರಿಯಲ್ಲಿ ಬರೆದು, ಊರೆಲ್ಲ ಫೋನ್ ಮಾಡಿ 'ನಿಮ್ಮಲ್ಲಿ ಎಷ್ಟಾಯ್ತು?' ಎಂದು ಕೇಳಬೇಕು. ಮದುವೆಯಾದ ಹೊಸದರಲ್ಲಿ ಮಾವ ನನಗೂ ಫೋನ್ ಮಾಡಿ, ಮೂಡಿಗೆರೆಯಲ್ಲಿ ಎಷ್ಟಾಯಿತೆಂದು ಕೇಳಿದ್ದರು. ನಾನು, 'ಚರಂಡಿ ತುಂಬ್ತು ಮಾವ' ಎಂದೆ. 'ಗಿರಿಜಂಗೆ ಕೊಡಿ' ಎಂದು ಮಗಳನ್ನು ಕರೆಸಿದರು. ಅಂದಿನಿಂದ ಹದಿನಾಲ್ಕು ವರ್ಷ ಅವರು ಫೋನಿನಲ್ಲಿ ನನ್ನ ಹತ್ತಿರ ಮಳೆಯ ಲೆಕ್ಕ ಕೇಳಿಲ್ಲ. ಇಂಚು, ಇಂಚಿನ ನೂರನೇ ಪಾಲಾದ ಸೆಂಟು ಗೊತ್ತಿಲ್ಲದ ಅಳಿಯನ ಹತ್ತಿರ ಮಾತಾಡುವುದಾದರೂ ಏನು? ಅವರ ಜಗಲಿಯಲ್ಲಿ ನಾಲ್ಕು ಜನ ಕೂತಾಗ ನಾನೂ ಒಬ್ಬ ಮನುಷ್ಯ ಅನ್ನಿಸಿಕೊಳ್ಳಬೇಕೆಂಬ ಆಸೆ ನನ್ನನ್ನು ಕೊರೆಯುತ್ತಿತ್ತು.

ಹಾಗಾಗಿ ಉಗುರಿನ ಪೆನ್ಸಿಲ್ ಆರಿಸುವ ಕಾರ್ಯ ಶಾಸ್ತ್ರೋಕ್ತವಾಗಿ ಆರಂಭವಾಯಿತು. ಆನ್‌ಲೈನಿನಲ್ಲಿ ಮೂರು ಬಗೆ ತರಿಸಿದೆ. ಮೊದಲನೆಯದು ಉಗುರಿನ ಸಂದಿಗೆ ಸಿಕ್ಕಿಸುವ ತಗಡು. ಗಿರಾಕಿಯೊಬ್ಬರಿಗೆ ಗ್ರಾಫ್ ಪುಸ್ತಕ ಕೊಡುವಾಗ ಅದು ಕಳಚಿ ಪುಸ್ತಕದ ಜೊತೆಗೇ ಹೊರಟುಹೋಯಿತು. ಎರಡನೆಯದು ಬೆರಳಿಗೆ ತೊಡಿಸುವ ಪಟ್ಟಿ. ಚರ್ಮದ ಬಣ್ಣವಂತೆ. ಯಾರ ಚರ್ಮವೋ ಗೊತ್ತಿಲ್ಲ, ಪಟ್ಟಿ ಮೈದಾ ಹಿಟ್ಟಿನ ಬಣ್ಣ, ನನ್ನ ಬೆರಳು ಚೆನ್ನಾಗಿ ಹುರಿದ ಕಾಫಿ ಬೀಜ. ಅಂಗಡಿಗೆ ಬಂದವರೆಲ್ಲ 'ಏನಾಯ್ತು, ಬಾಗಿಲಿಗೆ ಸಿಕ್ತಾ?' ಎಂದು ಮರುಗಿದರು. ಒಬ್ಬರು ಮನೆಯಿಂದ ಮುಲಾಮನ್ನೂ ತಂದುಕೊಟ್ಟರು.

ಮೂರನೆಯದು ಅಂಟು ಹಾಕುವಂಥದ್ದು. ನೋಡಲು ಒಳ್ಳೆಯದಿತ್ತು. ಒಂದು ಭಾನುವಾರ ಹೆಂಡತಿಗೆ ಸಹಾಯ ಮಾಡುವ ಸದ್ಬುದ್ಧಿ ಬಂದು ಅಕ್ಕಿ ರೊಟ್ಟಿಯ ಹಿಟ್ಟು ನಾದಿದೆ. ತಿನ್ನುವಾಗ ಗಿರಿಜಾಳ ಹಲ್ಲಿನಡಿ ಕಟಕ್ಕೆಂದಿತು. ಕಪ್ಪು ಚೂರನ್ನು ಅಂಗೈಯಲ್ಲಿಟ್ಟುಕೊಂಡು, ಅಕ್ಕಿಯಲ್ಲಿ ಕಲ್ಲೆಂದು ಅವಳು ಕೆಂಡವಾದಳು. ಅದು ಕಲ್ಲಲ್ಲ, ನನ್ನ ಭವಿಷ್ಯ ಎಂದು ಹೇಳಲು ಧೈರ್ಯವಾಗಲಿಲ್ಲ. ಅವಳು ಇಪ್ಪತ್ತೈದು ಕಿಲೋ ಅಕ್ಕಿಯನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ ದಿನಸಿ ಅಂಗಡಿಯವರ ಮುಂದೆ ಇಳಿಸಿ, ನಾಲ್ಕು ಜನರೆದುರು ಜಾಡಿಸಿ ಬಂದಳು. ಆ ಅಂಗಡಿಯವರು ನನ್ನ ಬಾಲ್ಯ ಸ್ನೇಹಿತರು. ಈಗಲೂ ಎದುರಾದರೆ ನಾನು ರಸ್ತೆ ದಾಟುತ್ತೇನೆ.

ಕೊನೆಗೆ ಪರಿಹಾರ ಸಿಕ್ಕಿದ್ದು ಬಚ್ಚಲುಮನೆಯ ಕನ್ನಡಿಯಲ್ಲಿ. ಗಿರಿಜಾ ಅಂಟಿಸಿದ್ದ ಸ್ಟಿಕ್ಕರ್ ಬೊಟ್ಟು ಎರಡು ತಿಂಗಳ ಹಬೆಗೂ ಅಲ್ಲಾಡದೆ ಕೂತಿತ್ತು. ಅಂಟು ಅಂದರೆ ಇದು! ಹೊಸ ಬೊಟ್ಟೊಂದನ್ನು ಕದ್ದು, ಅದರ ಮೇಲೆ ಕಡ್ಡಿಯ ಚೂರು ಕೂರಿಸಿ, ಉಗುರಿಗೆ ಒತ್ತಿದೆ. ಇನ್ನು ಸೀಸ ಯಾವುದು? ಗಟ್ಟಿಯದಾದರೆ ಬರಹ ಕಾಣದು, ಮೆತ್ತನೆಯದಾದರೆ ಮಸಿಯಾಗುತ್ತದೆ. ಅಂಗಡಿಯ ಒಂದು ಡಜನ್ ಪೆನ್ಸಿಲ್ ಸೀಳಿ ಪರೀಕ್ಷಿಸಿದೆ. ಹೆಬ್ಬೆರಳಿಗೆ ನೆಮ್ಮದಿಯೇ ಇಲ್ಲದಾಯಿತು. ಬಸ್ಸಿನಲ್ಲಿ ಕೂತರೆ ತೊಡೆಯ ಮೇಲೆ ಐದು, ಏಳು, ಒಂಬತ್ತು. ಊಟಕ್ಕೆ ಕೂತರೆ ಮೇಜಿನ ಅಡಿಯಲ್ಲಿ ಅಭ್ಯಾಸ. ರಾತ್ರಿ ನಿದ್ದೆಯಲ್ಲೂ ಹೊದಿಕೆ ಗೀರುತ್ತಿದ್ದೆನಂತೆ. ನರದ ಕಾಯಿಲೆಯೆಂದು ಹೆದರಿ ಗಿರಿಜಾ ಬೆರಳಿಗೆ ಎಣ್ಣೆ ತಿಕ್ಕಲು ಬಂದಳು. ಆಗ ಬೊಟ್ಟು ಅವಳ ಕೈಗೆ ಬಂತು. ಎಲ್ಲವನ್ನೂ ಹೇಳಬೇಕಾಯಿತು, ಅಕ್ಕಿಯ ವಿಷಯ ಒಂದನ್ನು ಬಿಟ್ಟು.

"ಇದನ್ನ ಅಪ್ಪನ ಮುಂದೆ ಮಾಡ್ಬೇಡಿ," ಎಂದಳು.

ಮಾಡಬೇಡಿ ಎಂದ ಮೇಲೆ ಎಲ್ಲಿ ಮಾಡಬೇಕೆಂದು ನನಗೆ ಸ್ಪಷ್ಟವಾಯಿತು.

ಮಾರ್ಚಿ ತಿಂಗಳು. ಕಾಫಿಯ ಮೊಗ್ಗು ಮಳೆಗೆ ಕಾಯುವ ಸಮಯ. ಈ ಹೂಮಳೆ ಒಂದು ಇಂಚಿನ ಹತ್ತಿರ ಬಂದರೆ ಮುಂದಿನ ವರ್ಷದ ಬೆಳೆ ಕೈಗೆ ಬಂದಂತೆ. ಅರ್ಧಂಬರ್ಧ ಬಂದರೆ ನೆನೆದ ಮೊಗ್ಗು ಬಿಸಿಲಿಗೆ ಸುಟ್ಟುಹೋಗುತ್ತದೆ. ಆಗ ಎರಡು ಮೂರು ದಿನದೊಳಗೆ ಮೋಟಾರು ಹಾಕಿ ಸ್ಪ್ರಿಂಕ್ಲರಿನಲ್ಲಿ ನೀರು ಕೊಡಲೇಬೇಕು. ನಾವು ಶನಿವಾರ ಮಲ್ಲಂದೂರಿಗೆ ಹೋದೆವು. ಸಂಜೆಯೇ ಮಳೆ ಬಂತು. ಭಾನುವಾರ ಬೆಳಿಗ್ಗೆ ರಸ್ತೆಯಾಚೆ ತೋಟದ ಧರ್ಮಣ್ಣ ಜಗಲಿಗೆ ಬಂದು ಕೂತು, ತಮ್ಮಲ್ಲಿ ನಲವತ್ತೈದು ಸೆಂಟು ಎಂದು ಮುಖ ಸಪ್ಪೆ ಮಾಡಿದರು. ಮಾವ ಇನ್ನೂ ಗೇಜು ನೋಡಿರಲಿಲ್ಲ.

ನಾನು ಎದ್ದು ನಿಂತೆ. ಜೇಬಿನಿಂದ ಚೀಟಿ ತೆಗೆದು, ಏನೋ ಗೀಚಿದಂತೆ ಮಾಡಿ, ಪೆನ್ನನ್ನು ಧರ್ಮಣ್ಣನ ಕೈಗೇ ಕೊಟ್ಟೆ. "ನಿಮ್ಮ ಗೇಜಲ್ಲಿ ಎಷ್ಟಿದೆ ಅಂತ ಬರೆದಿದ್ದೀನಿ ಮಾವ. ನೋಡ್ಕೊಂಡು ಬನ್ನಿ."

ಮಾವ ನನ್ನನ್ನು ಒಂದು ಥರ ನೋಡಿ ಮನೆಯ ಹಿಂದಕ್ಕೆ ಹೋದರು. ಅಳೆದು, ನೀರು ಚೆಲ್ಲಿ, ಬಂದು ಕೂತು ಹೇಳಿದರು: "ತೊಂಬತ್ತೈದು."

ಧರ್ಮಣ್ಣ ನಂಬಲಿಲ್ಲ. ಒಂದು ರಸ್ತೆ ಅಡ್ಡ ಇದೆ ಅಷ್ಟೇ, ಐವತ್ತು ಸೆಂಟು ವ್ಯತ್ಯಾಸ ಹೇಗೆ ಮಾರಾಯ್ರೇ ಎಂದು ಶುರು ಮಾಡಿದರು. ಅಷ್ಟರಲ್ಲಿ ನನ್ನ ಹೆಬ್ಬೆರಳು ತನ್ನ ಕೆಲಸ ಮುಗಿಸಿತ್ತು. ಮೂರು ತಿಂಗಳ ತಪಸ್ಸು ಎರಡು ಗೀರಿನಲ್ಲಿ ಫಲಿಸಿತು. ಚೀಟಿ ತಿರುಗಿಸಿದೆ. ತೊಂಬತ್ತೈದು!

ಧರ್ಮಣ್ಣ ಚಪ್ಪಲಿ ಬಿಟ್ಟು ಎದ್ದು ನಿಂತರು. ಮಾವನ ಮುಖದಲ್ಲಿ ಅಂಥ ಭಾವವನ್ನು ನಾನು ಹದಿನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ. ಭಕ್ತಿ ಎಂದುಕೊಂಡೆ. ಚೀಟಿ ತಮಗೇ ಬೇಕೆಂದು ಧರ್ಮಣ್ಣ ಕೈಯೊಡ್ಡಿದರು. ಮುಂದಿನ ಮಳೆ ಯಾವಾಗ ಎಂದೂ ಕೇಳಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೊಟ್ಟೆಯೊಳಗೆ ಕಡುಬು, ತಲೆಯೊಳಗೆ ಜಂಬ. ಕಣ್ಣು ಮುಚ್ಚಿ, "ಬುಧವಾರ ಸಂಜೆ. ಒಂದು ಇಂಚಿಗೆ ಕಮ್ಮಿ ಇಲ್ಲ," ಎಂದುಬಿಟ್ಟೆ.

ಸೋಮವಾರ ಅತ್ತೆಯ ಫೋನ್ ಬಂತು. ಊರಿನವರೆಲ್ಲ ಮೋಟಾರು ಹಾಕಿದ್ದಾರೆ, ಇವರು ಮಾತ್ರ ಹಾಕುತ್ತಿಲ್ಲ, ತೊಂಬತ್ತೈದು ಸಾಕಾಯಿತೇ ಎಂದು ಕೇಳಿದರೆ ಎದ್ದು ತೋಟಕ್ಕೆ ಹೋಗಿ ಮೊಗ್ಗು ಮುಟ್ಟಿ ಮುಟ್ಟಿ ನೋಡಿ ಬರುತ್ತಾರೆ. ಗಿರಿಜಾ ನನ್ನ ಮುಖ ನೋಡಿದಳು. ಒಂದು ಇಂಚಿಗೆ ಐದು ಸೆಂಟು ಕಮ್ಮಿ ಬಿದ್ದದ್ದೇ ತೊಂದರೆ ಎಂದು ನಾನು ಲೆಕ್ಕ ಹಾಕಿದೆ. ಮಾವ ನನ್ನ ಬುಧವಾರಕ್ಕೆ ಕಾಯುತ್ತಿದ್ದಾರೆ!

ಆ ದಿನ ನಾನು ಕೂತಲ್ಲಿ ಕೂರಲಿಲ್ಲ. ಅಂಗಡಿಯಿಂದ ರಸ್ತೆಗೆ, ರಸ್ತೆಯಿಂದ ಅಂಗಡಿಗೆ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ. ರಬ್ಬರ್ ಕೇಳಿದವರಿಗೆ ಸ್ಕೇಲು ಕೊಟ್ಟೆ. ಮೊಬೈಲಿನಲ್ಲಿ ಹವಾಮಾನ ನೋಡಿದರೆ ಬುಧವಾರದ ಮೇಲೆ ಹಳದಿ ಸೂರ್ಯ ನನ್ನನ್ನೇ ನೋಡಿ ನಗುತ್ತಿದ್ದ. ಒಂದು ವರ್ಷದ ಬೆಳೆಯನ್ನು ಒಂದು ಬೊಟ್ಟಿನಲ್ಲಿ ಸುಟ್ಟ ಪಾಪಿ ನಾನು.

ಮಂಗಳವಾರ ಬೆಳಿಗ್ಗೆ ಅಂಗಡಿ ಬಾಗಿಲು ಹಾಕಿ ಮಲ್ಲಂದೂರಿಗೆ ಹೋದೆ. ಮಾವ ಜಗಲಿಯಲ್ಲಿ ಒಬ್ಬರೇ ಇದ್ದರು. ನಿಂತೇ ಎಲ್ಲವನ್ನೂ ಒಪ್ಪಿಸಿದೆ. ಹೆಬ್ಬೆರಳು ತೋರಿಸಿದೆ, ಬೊಟ್ಟು ತೋರಿಸಿದೆ. ಬುಧವಾರ ಶುದ್ಧ ಸುಳ್ಳು, ದಯವಿಟ್ಟು ಮೋಟಾರು ಹಾಕಿ ಎಂದೆ.

ಮಾವ ನಿಟ್ಟುಸಿರು ಬಿಟ್ಟರು. "ಬುಧವಾರ ಕಟ್ಕೊಂಡು ನಂಗೇನು? ಉಗುರಿಗೆ ಬೊಟ್ಟಿಟ್ಕೊಂಡು ಬಂದಾಗಲೇ ಏನೋ ಎಡವಟ್ಟು ಅಂತ ಗೊತ್ತಾಯ್ತು. ಗೇಜಲ್ಲಿ ಇದ್ದಿದ್ದು ನಲವತ್ತು ಅಳಿಯಂದ್ರೇ."

"ನಲವತ್ತಾ?"

"ಧರ್ಮಣ್ಣಂಗಿಂತ ಐದು ಸೆಂಟು ಕಮ್ಮಿ ಅಂತ ಹೇಳಕ್ಕೆ ಬಾಯಿ ಬರ್ಲಿಲ್ಲ. ತೊಂಬತ್ತೈದು ಅಂದೆ. ಮಧ್ಯಾಹ್ನದೊಳಗೆ ಮರೆತುಹೋಗ್ತಿತ್ತು. ನೀವು ಚೀಟಿ ತೋರ್ಸಿ ಸೀಲ್ ಹಾಕಿದ್ರಿ."

ನನಗೆ ಕೂರಬೇಕೆನಿಸಿತು, ಕೂತೆ. ಧರ್ಮಣ್ಣ ಆ ಚೀಟಿಯನ್ನು ಊರೆಲ್ಲ ತೋರಿಸಿಕೊಂಡು ಬಂದಿದ್ದರಂತೆ. ತೊಂಬತ್ತೈದು ಸೆಂಟು ಬಿದ್ದ ತೋಟಕ್ಕೆ ಈಗ ಮೋಟಾರು ಹಾಕಿದರೆ, ರಸ್ತೆಯಾಚೆಯಿಂದ ಅವರು ಮೊದಲು ಕೇಳುವುದೇ 'ಯಾಕೆ?' ಎಂದು. ಅತ್ತೆಗೂ ಹೇಳದೆ ಮಾವ ಮೂರು ದಿನದಿಂದ ಒದ್ದಾಡುತ್ತಿದ್ದರು. ಇವತ್ತು ಸಂಜೆಯೊಳಗೆ ನೀರು ಕೊಡದಿದ್ದರೆ ಮೊಗ್ಗು ಉಳಿಯುವುದಿಲ್ಲ ಎಂದರು. ಅಂದು ಅವರ ಮುಖದಲ್ಲಿ ಕಂಡದ್ದು ಭಕ್ತಿಯಲ್ಲ, ಭಯ ಎಂಬುದು ಆಗ ನನ್ನ ತಲೆಗೆ ಹೋಯಿತು.

ನನ್ನ ಹೆಬ್ಬೆರಳಿನ ಗುಟ್ಟು ಬಿಚ್ಚಿಟ್ಟರೂ ಪ್ರಯೋಜನವಿರಲಿಲ್ಲ. ಮಾವನ ತೊಂಬತ್ತೈದು ಹಾಗೇ ಉಳಿಯುತ್ತಿತ್ತು. ಇದ್ದದ್ದು ಒಂದೇ ದಾರಿ. ಎದ್ದು ರಸ್ತೆ ದಾಟಿ ಧರ್ಮಣ್ಣನ ಅಂಗಳಕ್ಕೆ ಹೋದೆ. ಅವರು ನನ್ನ ಚೀಟಿಯನ್ನು ಮಳೆ ಡೈರಿಯೊಳಗೆ ಜೋಪಾನವಾಗಿ ಇಟ್ಟಿದ್ದರು.

"ಧರ್ಮಣ್ಣ, ನಾನು ಮೋಸ ಮಾಡಿದೆ. ಅವತ್ತು ಬೆಳಿಗ್ಗೆ ಮಾವ ಏಳೋಕೆ ಮುಂಚೆ ಗೇಜಲ್ಲಿದ್ದ ನೀರು ಚೆಲ್ಲಿ ತೊಂಬತ್ತೈದು ಸೆಂಟು ನಲ್ಲಿ ನೀರು ಹಾಕಿಟ್ಟಿದ್ದೆ. ಪಾಪ, ಅವರಿಗೆ ಗೊತ್ತಿಲ್ಲ."

ಧರ್ಮಣ್ಣ ಡೈರಿಯಿಂದ ಚೀಟಿ ತೆಗೆದು ಮತ್ತೊಮ್ಮೆ ನೋಡಿದರು. "ಅಷ್ಟು ಕರೆಕ್ಟಾಗಿ ಹೆಂಗೆ ಹಾಕಿದ್ರಿ?" ಎಂದರು.

"ಅಂಗಡಿಯಿಂದ ಅಳತೆ ಗ್ಲಾಸು ತಂದಿದ್ದೆ."

"ಅದೂ ಒಂದು ವಿದ್ಯೆನೇ ಬಿಡಿ," ಎಂದು ಚೀಟಿಯನ್ನು ನನ್ನ ಕೈಗಿತ್ತು, ರೋಗಿಯನ್ನು ಬೀಳ್ಕೊಟ್ಟ ಹಾಗೆ ಗೇಟಿನವರೆಗೆ ಬಂದು ಬಿಟ್ಟರು. ನಾನು ಜೀವನದಲ್ಲಿ ಒಮ್ಮೆ ತಪ್ಪಿಲ್ಲದೆ ಮಾಡಿದ ಜಾದೂ, ನೀರು ತುಂಬಿಸುವ ಕಳ್ಳಾಟವಾಗಿ ಮಲ್ಲಂದೂರಿನ ಇತಿಹಾಸ ಸೇರಿತು. ಆದರೆ ನಾನು ರಸ್ತೆ ದಾಟಿ ಬರುವಷ್ಟರಲ್ಲಿ, ಜಗಲಿಯಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಮಾವ, ಧರ್ಮಣ್ಣನಿಗೂ ಕೇಳುವಂತೆ ನನಗೆ ಎರಡು ಬೈದು, ಓಡಿಹೋಗಿ ಮೋಟಾರು ಹಾಕಿದರು. ಸ್ಪ್ರಿಂಕ್ಲರ್ ಟಿಕ್ ಟಿಕ್ ಎಂದು ತಿರುಗತೊಡಗಿದಾಗ ನನ್ನ ಹೆಬ್ಬೆರಳು ಮೂರು ತಿಂಗಳಲ್ಲಿ ಮೊದಲ ಬಾರಿಗೆ ಸುಮ್ಮನಾಯಿತು.

ಮರುದಿನ ಸಂಜೆ ಗುಡುಗಿತು. ಬುಧವಾರ!

ಎಂಟು ಗಂಟೆಗೆ ಫೋನ್ ಬಂತು. ಗಿರಿಜಾ ತೆಗೆದು, ಕಣ್ಣರಳಿಸಿ, ನನ್ನ ಕೈಗೆ ಕೊಟ್ಟಳು. ಮಾವ ನನ್ನನ್ನೇ ಕೇಳಿದ್ದರು. ಮಲ್ಲಂದೂರಿನಲ್ಲಿ ಒಂದು ಇಂಚು ನಾಲ್ಕು ಸೆಂಟು ಮಳೆ. ಮೊಗ್ಗಿಗೆ ಇನ್ನು ಭಯವಿಲ್ಲ ಎಂದರು. ನಾನು ಒಂದೇ ಒಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಆ ಊರು ನನಗೆ ಹಾರ ಹಾಕುತ್ತಿತ್ತು, ಇಲ್ಲವೇ ಸುಟ್ಟ ಮೊಗ್ಗನ್ನು ಪೋಣಿಸಿ ಹಾಕುತ್ತಿತ್ತು. ಧರ್ಮಣ್ಣ ಏನೆಂದರು ಎಂದು ಆಸೆಯಿಂದ ಕೇಳಿದೆ.

"ಅವ್ನಲ್ಲೂ ಅಷ್ಟೇ ಆಗಿದೆ. 'ನಿಮ್ಮ ಅಳಿಯ ಏನಾದ್ರೂ ಇವತ್ತು ಬಂದಿದ್ರಾ?' ಅಂತ ಕೇಳಿದ."

ಆಮೇಲೆ ಮಾವ ಸ್ವಲ್ಪ ತಡೆದು, ಹದಿನಾಲ್ಕು ವರ್ಷದ ಮೇಲೆ ಕೇಳಿದರು: "ಮೂಡಿಗೆರೇಲಿ ಎಷ್ಟಾಯ್ತು?"

ಅಳೆದು ಹೇಳಲು ನಮ್ಮಲ್ಲಿ ಗೇಜು ಇರಲಿಲ್ಲ. "ಚರಂಡಿ ತುಂಬ್ತು ಮಾವ," ಎಂದೆ.

"ಆಯ್ತು, ಹಂಗೇ ಬರ್ಕೋತೀನಿ," ಎಂದರು.

ಈಗ ನಾನು ಮಲ್ಲಂದೂರಿಗೆ ಹೋದರೆ ಮಾವ ಜಗಲಿಯಲ್ಲಿ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾರೆ. ರಸ್ತೆಯಾಚೆ ಧರ್ಮಣ್ಣ ನನ್ನನ್ನು ಕಂಡು ನಗುತ್ತಾ ಕೈ ಬೀಸುತ್ತಾರೆ. ಆಮೇಲೆ ಹಿತ್ತಲಿಗೆ ಹೋಗಿ ಮಳೆ ಗೇಜಿನ ಮೇಲೆ ಬಕೆಟ್ಟು ಬೋರಲು ಹಾಕಿ ಬರುತ್ತಾರೆ.