ಅರ್ಧ ನಗೆಗಾಗಿ ಎರಡೂವರೆ ತಾಸಿನ ಅಳು

ನಾನು ಸ್ವಭಾವದಿಂದ ನಗುನಗುತ್ತ ಇರುವ ಮನುಷ್ಯ. ಹಾಡು, ಕುಣಿತ, ಹೊಡೆದಾಟ, ಕಡೆಗೊಂದು ಮದುವೆ ಇರುವ ಸಿನಿಮಾ ಎಂದರೆ ನನಗೆ ಪ್ರಾಣ. ಆದರೆ ಹಣೆಬರಹ ನೋಡಿ, ನಾನು ಮೆಚ್ಚಿಕೊಂಡ ನಟನೊಬ್ಬನಿದ್ದಾನಲ್ಲ, ಆ ಪುಣ್ಯಾತ್ಮ ಅಂಥ ಒಂದೇ ಒಂದು ಸಿನಿಮಾದಲ್ಲೂ ಕಾಣಿಸಿಕೊಂಡವನಲ್ಲ. ಅವನ ಹೆಸರು ಹೇಳುವುದಿಲ್ಲ. ಇಡೀ ತಾಂಡೂರಿನಲ್ಲಿ ಅವನನ್ನು ಮೆಚ್ಚುವವನು ನಾನೊಬ್ಬನೇ, ಹೇಳಿದರೆ ನನ್ನ ಗುರುತು ಸಿಕ್ಕಿಬಿಡುತ್ತದೆ. ಮೊದಲ ದೃಶ್ಯದಲ್ಲೇ ಅವನಿಗೆ ಕೆಮ್ಮು ಶುರು. ಮಧ್ಯಂತರದ ಹೊತ್ತಿಗೆ ಹೆಂಡತಿ ಬಿಟ್ಟು ಹೋಗಿರುತ್ತಾಳೆ. ಕಡೆಗೆ ಹೆಣ ಎತ್ತಲು ನಾಲ್ಕು ಜನ ಸಿಗದೆ ಮೂವರೇ ಒದ್ದಾಡಿ ಎತ್ತುತ್ತಾರೆ. ಇಷ್ಟರ ನಡುವೆ ಎಲ್ಲೋ ಒಂದು ಕಡೆ, ಬೀಡಿ ಹಚ್ಚುವ ಮುಂಚೆ, ಅವನು ತುಟಿಯ ಒಂದೇ ತುದಿಯಿಂದ ಅರ್ಧ ನಗುತ್ತಾನೆ. ಆ ಅರ್ಧ ನಗೆಗಾಗಿ ನಾನು ಎರಡೂವರೆ ತಾಸು ಬಿಕ್ಕಿಬಿಕ್ಕಿ ಅಳುತ್ತೇನೆ. "ಅಳಬೇಕಂತಿದ್ರ ಮನ್ಯಾಗ ಕುಂತು ಉಳ್ಳಾಗಡ್ಡಿ ಹೆಚ್ರಿ, ಪಲ್ಯಾನರ ಆಗ್ತದ" ಎಂದು ನನ್ನ ಹೆಂಡತಿ ನೀಲಮ್ಮ ಎಷ್ಟು ಸಲ ಹೇಳಿದ್ದಾಳೋ!

ತೆಲಂಗಾಣ ಚಳವಳಿ ಕಾವೇರಿದ್ದ ದಿನಗಳು. ನಾರಾಯಣಖೇಡದಿಂದ ಮಾವ, ಎದೆ ಹಿಡಿದಂತಾಗುತ್ತಿದೆ ಎಂದು ಹೇಳಿ ಕಳಿಸಿದ. ಮಾವ ಎಂದರೆ ನೀಲಮ್ಮನ ಅಪ್ಪ, ನನ್ನ ಅವ್ವನ ಅಣ್ಣ. ಅಪ್ಪನಿಲ್ಲದ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವನೂ ಅವನೇ. ಮಗಳ ಪರೀಕ್ಷೆ ನಡೆದಿದ್ದರಿಂದ ನೀಲಮ್ಮ ಹೊರಡುವಂತಿರಲಿಲ್ಲ. "ಕಣ್ಣಾರೆ ನೋಡಿ ಬರ್ರಿ, ನನಗ ಜೀವ ನಿಲ್ಲವಲ್ದು" ಎಂದಳು. ನಾನು ಕೆಲಸ ಮಾಡುವ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕಾರ್ಖಾನೆಗೆ ರಜೆ ಹಾಕಿ ಬಸ್ಸು ಹತ್ತಿದೆ. ಜಹೀರಾಬಾದಿಗೆ ಬಂದರೆ ನಡುರಸ್ತೆಯಲ್ಲಿ ಒಲೆ ಹೂಡಿ ಅಡುಗೆ ನಡೆದಿದೆ! ರಸ್ತೆಯಲ್ಲೇ ಅನ್ನ ಬೇಯಿಸಿ, ಅಲ್ಲೇ ಪಂಕ್ತಿ ಕೂತು ಉಂಡು ಗಾಡಿಗಳನ್ನು ತಡೆಯುವುದು ಆಗಿನ ಚಳವಳಿಯ ಒಂದು ರೀತಿ. ಬಸ್ಸು ಯಾವಾಗ ಬಿಡುತ್ತೀರಪ್ಪಾ ಎಂದರೆ ಕಂಡಕ್ಟರ್, "ಅವ್ರು ಉಂಡು ಪಾತ್ರಿ ತೊಳದ ಮ್ಯಾಲ ನೋಡಾಮ್ರಿ" ಎಂದ. ಸರಿ, ನಾನೂ ಕೂತು ಉಂಡೆ, ಎಲ್ಲರ ಜೊತೆ ಜೈ ತೆಲಂಗಾಣ ಎಂದೆ. ಕೈ ತೊಳೆದು ತಲೆ ಎತ್ತಿದರೆ ಎದುರಿನ ಗೋಡೆಯ ಪೋಸ್ಟರಿನಲ್ಲಿ ನನ್ನ ನಟ ಎದೆ ಹಿಡಿದುಕೊಂಡು ನಿಂತಿದ್ದಾನೆ. ಪಕ್ಕದ ಟಾಕೀಸಿನವರು ಬಾಗಿಲು ಅರ್ಧ ಎಳೆದು ಮ್ಯಾಟಿನಿ ಶುರು ಮಾಡಿದ್ದರು.

ಅರ್ಧ ನಗೆ ಬಂದೊಡನೆ ಎದ್ದು ಬರುವುದೆಂದು ದೇವರಾಣೆ ಮಾಡಿಕೊಂಡೇ ಒಳಗೆ ಹೋದೆ. ಆ ಹಾಳಾದವನು ಈ ಸಲ ಕಡೆಯ ದೃಶ್ಯದಲ್ಲಿ ನಕ್ಕ. ಹೊರಗೆ ಬಂದರೆ ಒಲೆಯಿಲ್ಲ, ಜನರಿಲ್ಲ, ನನ್ನ ಬಸ್ಸೂ ಇಲ್ಲ. ನಾರಾಯಣಖೇಡಕ್ಕೆ ಆ ದಿನ ಇನ್ನು ಬಸ್ಸಿಲ್ಲವೆಂದರು. ತಾಂಡೂರಿನದೊಂದು ಹೊರಟು ನಿಂತಿತ್ತು, ಕಳ್ಳನ ಹಾಗೆ ಹತ್ತಿ ಕೂತೆ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆ. ನೀಲಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಕೆಂಪಗೆ ಬಾತುಕೊಂಡ ನನ್ನ ಕಣ್ಣು ನೋಡಿದಳು. "ಅಪ್ಪಾ..." ಎಂದು ಹೊಸ್ತಿಲ ಮೇಲೆ ಕುಸಿದು ಕೂತಳು. ಹಾಗಲ್ಲ ಎನ್ನಲು ಬಾಯಿ ತೆರೆದರೆ ನನಗೆ ಬಿಕ್ಕಳಿಕೆ! ಅಷ್ಟರಲ್ಲಿ ಪಕ್ಕದ ಮನೆಯಾಕೆ, ನಾವೆಲ್ಲ ಖಾಲಾ ಅಂದರೆ ಚಿಕ್ಕಮ್ಮ ಎಂದು ಕರೆಯುವವಳು, ರೊಟ್ಟಿಬುಟ್ಟಿ ಎತ್ತಿಕೊಂಡು ಓಡಿ ಬಂದಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ಉಣ್ಣಲು ತಂದುಕೊಡಬೇಕು. "ಚೂಲಿ ಹಚ್ಚಬ್ಯಾಡ ಬೇಟಿ, ನಾ ಇದ್ದೀನಿ" ಎಂದು ನೀಲಮ್ಮನನ್ನು ತಬ್ಬಿಕೊಂಡು ಅವಳೂ ಅಳತೊಡಗಿದಳು.

"ಖಾಲಾ, ಯಾರೂ ಸತ್ತಿಲ್ಲ. ಸಿನಿಮಾದಾಗ ಸತ್ತಾನ" ಎಂದೆ.

ಇಬ್ಬರ ಅಳುವೂ ನಿಂತಿತು. ಖಾಲಾ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿ, "ತೌಬಾ ತೌಬಾ" ಎಂದು ಬುಟ್ಟಿ ಎತ್ತಿಕೊಂಡು ನಡೆದೇಬಿಟ್ಟಳು. ಬಿಸಿ ರೊಟ್ಟಿ, ಮೇಲೆ ಹಿಂಡಿ ಪಲ್ಯ. ನಾನು ಅಳುವುದಕ್ಕೆ ಅದೂ ಒಂದು ಕಾರಣವಾಯಿತು.

"ಹಂಗಾದ್ರ ನೀವು ಅಪ್ಪನ್ನ ನೋಡೇ ಇಲ್ಲ?" ಎಂದಳು ನೀಲಮ್ಮ. ಬೈದಿದ್ದರೆ ಚೆನ್ನಾಗಿತ್ತು. ಆ ದನಿಯಲ್ಲಿ ಬರೀ ಹೆದರಿಕೆ ಇತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಮಾವನ ಮನೆ ಪಕ್ಕದ ಗಿರಣಿಗೆ ಫೋನ್ ಮಾಡಿದೆವು. ಗಿರಣಿಯವನು ಕರೆಯಲು ಹೋದ. ಅವನು ಹೋಗಿ ಬರುವಷ್ಟರಲ್ಲಿ ನನಗೆ ಗೊತ್ತಿದ್ದ ದೇವರುಗಳೆಲ್ಲ ಮುಗಿದವು.

"ಯಾರವ್ವಾ, ನೀಲೂನಾ?" ಫೋನು ಹಿಡಿದ ನೀಲಮ್ಮನ ಪಕ್ಕದಲ್ಲಿದ್ದ ನನಗೂ ಕೇಳುವಷ್ಟು ಮಾವನ ದನಿ ಗಟ್ಟಿಮುಟ್ಟಾಗಿತ್ತು. ಅದನ್ನು ಕೇಳಿದ್ದೇ ನೀಲಮ್ಮನಿಗೆ ದುಃಖ ಒತ್ತರಿಸಿ ಬಂದು ಮಾತೇ ಹೊರಡದಾಯಿತು. "ಯಾಕವ್ವಾ ಅಳ್ತಿ? ನನ್ನ ಎದಿಗಿ ಏನೂ ಆಗಿಲ್ಲ, ಬರೇ ಗ್ಯಾಸ್ ಅಂದಾನ ಡಾಕ್ಟರ. ಅಳಿಯ ಬರ್ತಾನಂತ ಮುಂಜಾನಿಂದ ದಾರಿ ಕಾಯಾಕ ಹತ್ತೀನಿ..." ಎಂದವನು ತಟಕ್ಕನೆ ಮಾತು ನಿಲ್ಲಿಸಿದ. "ರಸ್ತಾದಾಗ ಅವಗ ಏನರ ಆತೇನು? ಹೇಳವ್ವಾ! ಅಯ್ಯೋ ನನ್ನ ಕೂಸೇ..." ಎಂದು ಹೋ ಎಂದು ಅಳತೊಡಗಿದ.

ಆ ಅಳುವನ್ನು ಹೇಗೆ ಹೇಳಲಿ! ಯಾರು ಯಾರಿಗಾಗಿಯೋ ಇಷ್ಟು ವರ್ಷ ನಾನು ಅತ್ತಿದ್ದೆ. ನನಗಾಗಿ ಒಬ್ಬರು ಹೀಗೆ ಅಳಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಫೋನು ಕಸಿದುಕೊಂಡು ಕೂಗಿದೆ: "ಮಾವಾ, ನಾ ಇದ್ದೀನಿ! ನನಗೇನೂ ಆಗಿಲ್ಲ!"

ಆ ಕಡೆ ಅಳು ನಿಂತಿತು. ಮೂಗು ಒರೆಸಿಕೊಂಡ ಸದ್ದಾಯಿತು.

"ಇದ್ದೀಯಾ? ಮತ್ತ ಯಾಕ ಬರ್ಲಿಲ್ಲಲೇ?"

ನೀಲಮ್ಮ ಕಣ್ಣೊರೆಸಿಕೊಂಡು, ಕೈಕಟ್ಟಿ, ನನ್ನ ಬಾಯನ್ನೇ ನೋಡುತ್ತ ನಿಂತಳು. ಇನ್ನೊಂದೆರಡು ನಿಮಿಷ ಸತ್ತವನಾಗಿಯೇ ಇದ್ದಿದ್ದರೆ ವಾಸಿಯಿತ್ತು ಅನ್ನಿಸಿತು.