ಬಾಗಿನಕ್ಕೊಂದು ವೀಸಾ

ಪ್ರಪಂಚದ ಎಲ್ಲ ದೇಶಗಳಿಗೂ ನನ್ನದೊಂದು ಕಿವಿಮಾತು: ನಮ್ಮ ಮಾವನವರು ವೀಸಾ ಕೇಳಿದರೆ ಮರುಮಾತಾಡದೆ ಕೊಟ್ಟುಬಿಡಿ! ಇಲ್ಲ ಎಂದಿರೋ, ಸುಸ್ತಾಗುವವರು ನೀವೇ. ಇದನ್ನು ಕೊಂಚ ತಡವಾಗಿ ಅರ್ಥ ಮಾಡಿಕೊಂಡ ದೇಶವೊಂದಿದೆ. ಅದರ ಹೆಸರು ಮಾತ್ರ ಹೇಳುವುದಿಲ್ಲ. ನಾಳೆ ನನಗೂ ಅಲ್ಲಿಗೆ ವೀಸಾ ಬೇಕಾದರೆ ಏನು ಗತಿ? ಸಮುದ್ರದಾಚೆಗಿದೆ, ಚಳಿ ಜಾಸ್ತಿ ಎಂದಷ್ಟೇ ತಿಳಿದುಕೊಳ್ಳಿ.

ಮಾವ ಎಂದರೆ ನನ್ನ ಹೆಂಡತಿಯ ಅಪ್ಪ. ಗುಬ್ಬಿ ತಾಲ್ಲೂಕಿನಲ್ಲಿ, ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಕಡೆಯ ಒಂದು ಹಳ್ಳಿಯಲ್ಲಿ ಅವರ ತೆಂಗಿನ ತೋಟವಿದೆ. ಅವರ ಹಟದ ಒಂದು ಸ್ಯಾಂಪಲ್ ಕೊಡುತ್ತೇನೆ. ಅವರ ಊರಿನ ಗೇಟಿನಲ್ಲಿ ಬೆಳಗಿನ ಬಸ್ಸು ನಿಲ್ಲಿಸುತ್ತಿರಲಿಲ್ಲ. ಮಾವ ಅರ್ಜಿ ಬರೆಯಲಿಲ್ಲ, ಜಗಳಕ್ಕೂ ಹೋಗಲಿಲ್ಲ. ದಿನಾ ಆ ಹೊತ್ತಿಗೆ ಹೋಗಿ ರಸ್ತೆ ಬದಿಯಲ್ಲಿ ನಿಂತು ಕೈ ಅಡ್ಡ ಹಿಡಿಯುತ್ತಿದ್ದರು. ಒಂದು ದಿನ ಡ್ರೈವರ್ ಸೋತು ಬ್ರೇಕ್ ಹಾಕಿ, "ಹತ್ತಿ ಯಜಮಾನ್ರೇ, ಎಲ್ಲಿಗೆ?" ಎಂದನಂತೆ. "ಇವತ್ತು ಎಲ್ಗೂ ಇಲ್ಲ ಕಣಪ್ಪ, ನಿಲ್ಲಿಸ್ತೀಯೋ ಇಲ್ವೋ ನೋಡಾನ ಅಂತ ನಿಂತಿದ್ದೆ" ಎಂದರಂತೆ ಮಾವ! ಅಂದಿನಿಂದ ಆ ಬಸ್ಸು ಅಲ್ಲಿ ನಿಲ್ಲುತ್ತಿದೆ.

ಇಂಥ ಮನುಷ್ಯನಿಗೆ ಒಬ್ಬಳೇ ತಂಗಿ. ಕುಣಿಗಲ್‌ಗೆ ಕೊಟ್ಟಿದ್ದರು, ಹಾಗಾಗಿ ನಮಗೆಲ್ಲ ಅವರು ಕುಣಿಗಲ್ ಅತ್ತೆ. ಪ್ರತಿ ಗೌರಿ ಹಬ್ಬಕ್ಕೂ ಮಾವ ಬಿದಿರಿನ ಮೊರದಲ್ಲಿ ತವರಿನ ಬಾಗಿನ ಜೋಡಿಸಿಕೊಂಡು, ಗುಬ್ಬಿಯಿಂದ ತುಮಕೂರು, ತುಮಕೂರಿನಿಂದ ಕುಣಿಗಲ್ ಎಂದು ಬಸ್ಸು ಬದಲಿಸಿ ಹೋಗುತ್ತಿದ್ದರು. ಮೊರ ತೊಡೆಯ ಮೇಲೇ ಇರಬೇಕು. ಲಗೇಜಿನ ಜಾಗದಲ್ಲಿಡಿ ಎಂದ ಕಂಡಕ್ಟರಿಗೆ, "ನಿಮ್ಮ ತಂಗಿ ಬಾಗಿನಾನ ನೀವು ಸೀಟಿನ ಕೆಳಗೆ ಇಡ್ತೀರೇನ್ರೀ?" ಎಂದು ಕೇಳಿ ಇಡೀ ಬಸ್ಸು ಅವನನ್ನು ದುರುಗುಟ್ಟಿ ನೋಡುವಂತೆ ಮಾಡಿದ್ದರು.

ಕುಣಿಗಲ್ ಅತ್ತೆಯ ಗಂಡ ತೀರಿಕೊಂಡ ವರ್ಷ ಊರ ಹಿರಿಯರೊಬ್ಬರು ಮಾವನ ಮನೆಯ ಜಗಲಿಗೆ ಬಂದು ಕೂತು, ಮೆಲ್ಲಗೆ ಗಂಟಲು ಸರಿಮಾಡಿಕೊಂಡರು. "ಗಂಡ ಇಲ್ದೋಳಿಗೆ ಇನ್ನು ಬಾಗಿನ ಕೊಡಂಗಿಲ್ಲ ಕಣಪ್ಪ, ಅದು ಮುತ್ತೈದೇರಿಗೆ."

ಮಾವ ಮೊರಕ್ಕೆ ಅರಿಶಿನ ಹಚ್ಚುತ್ತಲೇ ಇದ್ದರು. "ಬಾಗಿನ ಕೊಡ್ತಿದ್ದೋನು ಅವಳ ಗಂಡನಾ, ನಾನಾ?" ಎಂದರು.

"ನೀನೇ."

"ನಾನಿನ್ನೂ ಸತ್ತಿಲ್ವಲ್ಲ!"

ಹಿರಿಯರು ಕಾಫಿ ಕುಡಿದು ಎದ್ದು ಹೋದರು. ಮಾವ ಆ ವರ್ಷವೂ ಹೋದರು, ಬಳೆ ಕುಂಕುಮ ಒಂದನ್ನೂ ಬಿಡದೆ ಕೊಟ್ಟು ಬಂದರು. ಈಗ ನಗುತ್ತಾ ಹೇಳುತ್ತಿದ್ದೇನೆ, ಆದರೆ ಅವತ್ತು ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತ್ತು.

ಆಮೇಲೆ ಕುಣಿಗಲ್ ಅತ್ತೆಗೆ ಮರೆವು ಶುರುವಾಯಿತು. ಹಾಲು ಉಕ್ಕಿಸುವುದು, ಬಾಗಿಲು ತೆಗೆದಿಟ್ಟು ಕೆರೆ ಏರಿಯ ಕಡೆ ನಡೆದುಬಿಡುವುದು. ಹೊರದೇಶದಲ್ಲಿ ನರ್ಸ್ ಆಗಿರುವ ಅವರ ಮಗಳು ಬಂದು ಕರೆದುಕೊಂಡು ಹೋದಳು. ಅಲ್ಲಿಗೆ ಹೋದ ಮೇಲೆ ಮರೆವು ಹೆಚ್ಚಿತು. ಮೊದಲು ಕುಣಿಗಲ್‌ನ ಅಕ್ಕಪಕ್ಕದವರು ಮರೆತುಹೋದರು, ಆಮೇಲೆ ಓರಗಿತ್ತಿಯರು, ಆಮೇಲೆ ಮೊಮ್ಮಕ್ಕಳು. ಫೋನಿನಲ್ಲಿ ಈ ಸುದ್ದಿಯನ್ನೆಲ್ಲ ಕೇಳಿಸಿಕೊಂಡ ಮಾವ ಮಾರನೆಯ ದಿನವೇ ತುಮಕೂರಿನ ನಮ್ಮ ಮನೆಗೆ ಬಂದು ಸೋಫಾದ ತುದಿಯಲ್ಲಿ ಕೂತರು.

"ಅಳಿಯಂದ್ರೆ, ಎಲ್ಲಾರ್ನೂ ಒಬ್ಬೊಬ್ಬರಾಗಿ ಮರೀತಾ ಅವಳೆ. ನನ್ನ ಸರದಿ ಬರೋದ್ರೊಳಗೆ ನಾನು ಹೋಗ್ಬೇಕು. ಈ ಗೌರಿ ಹಬ್ಬಕ್ಕೆ ಬಾಗಿನ ಅಲ್ಲೇ ಕೊಡೋದು."

ನಾನು ಹೈಸ್ಕೂಲ್ ಮೇಷ್ಟ್ರು. ಇಂಗ್ಲಿಷ್ ಪಾಠ ಮಾಡುತ್ತೇನೆಂಬ ಒಂದೇ ಅಪರಾಧಕ್ಕೆ ವೀಸಾದ ಹೊಣೆ ನನ್ನ ತಲೆಗೆ ಬಿತ್ತು. "ವೀಸಾ ಅಂದ್ರೆ ಸುಮ್ನೆ ಅಲ್ಲ ಮಾವ" ಎಂದು ಹೆದರಿಸಿ ನೋಡಿದೆ.

"ನಮ್ಮ ತೋಟದ ಪಕ್ಕದಲ್ಲೇ ಹೆಲಿಕಾಪ್ಟರ್ ಮಾಡ್ತಾರಲ್ಲ, ಅದ್ರಲ್ಲಿ ಹೋದ್ರೂ ಕೇಳ್ತಾರಾ?"

"ಅದ್ರಲ್ಲಿ ಹೋದ್ರೆ ಗುಂಡು ಹೊಡೀತಾರೆ!"

"ಹಂಗಾದ್ರೆ ವೀಸಾನೇ ವಾಸಿ ಬುಡಿ" ಎಂದು ಒಪ್ಪಿಕೊಂಡರು.

ಫೋಟೋ ತೆಗೆಸಲು ಶಿರಾ ಗೇಟ್ ಹತ್ತಿರದ ಸ್ಟುಡಿಯೋಗೆ ಹೋದೆವು. ಮಾವನ ಹೆಗಲ ಮೇಲೆ ಸದಾ ಒಂದು ಟವೆಲ್ ಇರುತ್ತದೆ. ಅವರ ಮದುವೆಯ ಫೋಟೋದಲ್ಲೂ ಇದೆ! ಫೋಟೋಗ್ರಾಫರ್ ಅದನ್ನು ತೆಗೆಯಿರಿ ಎಂದ. ಮಾವ ನನ್ನ ಕಡೆ ತಿರುಗಿ, "ಟವೆಲ್ ಇಲ್ದಿದ್ರೆ ನನ್ನ ಮನೆ ನಾಯಿನೇ ಗುರುತು ಹಿಡಿಯಲ್ಲ, ಆ ದೇಶದೋರು ಹೆಂಗೆ ಹಿಡಿದಾರು?" ಎಂದು ಕೇಳಿದರು. ಅರ್ಧ ಗಂಟೆ ಮಾತುಕತೆ ನಡೆದು ಟವೆಲ್ ತೊಡೆಯ ಮೇಲೆ, ಕ್ಯಾಮೆರಾ ಕಣ್ಣಿಗೆ ಬೀಳದ ಕಡೆ ಇರಲಿ ಎಂದು ರಾಜಿಯಾಯಿತು. "ನಗಬೇಡಿ ಸಾರ್, ವೀಸಾ ಫೋಟೋದಲ್ಲಿ ನಗಂಗಿಲ್ಲ" ಎಂದ ಫೋಟೋಗ್ರಾಫರ್. ಟವೆಲ್ ಕಳೆದುಕೊಂಡ ಮುಖದಲ್ಲಿ ನಗು ಎಲ್ಲಿಂದ ಬರಬೇಕು?

ಅರ್ಜಿ ತುಂಬುವಾಗ ಪ್ರವಾಸದ ಉದ್ದೇಶವೇನು ಎಂಬ ಪ್ರಶ್ನೆ ಬಂತು. ನಾನು ಸಂಬಂಧಿಕರ ಭೇಟಿ ಎಂದು ಹಾಕಿದೆ. ಮಾವ ಒಪ್ಪಲಿಲ್ಲ. "ಭೇಟಿ ಮಾಡೋಕೆ ಫೋನ್ ಐತಲ್ಲ ಅಂತಾರೆ. ಬಾಗಿನ ಕೊಡೋಕೆ ಅಂತ ಬರೀರಿ." ಕೊನೆಗೆ ಗೌರಿ ಹಬ್ಬ, ತವರುಮನೆ, ಮೊರ ಎಲ್ಲದರ ಬಗ್ಗೆ ಒಂದು ಪುಟ ಇಂಗ್ಲಿಷ್ ಪ್ರಬಂಧ ಬರೆದು ಅರ್ಜಿಯ ಜೊತೆ ಲಗತ್ತಿಸಿದೆ. ನನ್ನ ಹತ್ತನೇ ತರಗತಿ ಮಕ್ಕಳು ಯಾರೂ ಅಷ್ಟು ಚೆನ್ನಾಗಿ ಬರೆದಿಲ್ಲ!

ಸಂದರ್ಶನ ಬೆಂಗಳೂರಿನಲ್ಲಿ. ನೀವು ಖಂಡಿತ ಹಿಂತಿರುಗಿ ಬರುತ್ತೀರಿ ಎನ್ನುವುದಕ್ಕೆ ಆಧಾರ ಕೇಳುತ್ತಾರೆ ಎಂದು ನಾನು ಮೊದಲೇ ಹೇಳಿದ್ದೆ. ಹೇಳಬಾರದಿತ್ತು! ಗೇಟಿನ ಸೆಕ್ಯುರಿಟಿಯವನು ಮಾವನ ಕೈಚೀಲ ತೆಗೆದು ನೋಡುತ್ತಾನೆ, ಒಳಗೆ ಸುಲಿದ ತೆಂಗಿನಕಾಯಿ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿ ಒಳಗೇ ಉಂಡೆ ಕೊಬ್ಬರಿಯಾದ ಕಾಯಿ. ಅವನು ಎತ್ತಿದ ಕೂಡಲೇ ಒಳಗಿನಿಂದ ಲೊಡಲೊಡ ಶಬ್ದ ಬಂತು. ಅವನು ಎರಡು ಹೆಜ್ಜೆ ಹಿಂದಕ್ಕೆ ಹಾರಿದ.

"ಏನ್ರೀ ಇದೆ ಇದರೊಳಗೆ?"

"ಕೊಬ್ಬರಿ."

"ಓಪನ್ ಮಾಡಿ ತೋರಿಸಿ."

"ಅದಕ್ಕೆ ಮಚ್ಚು ಬೇಕು. ಐತಾ ನಿಮ್ಮತ್ರ?"

ವೀಸಾ ಆಫೀಸಿನ ಬಾಗಿಲಲ್ಲಿ ನಿಂತು ಮಚ್ಚು ಕೇಳಿದ ಮೊದಲ ಭಾರತೀಯ ನಮ್ಮ ಮಾವನೇ ಇರಬೇಕು! ಕಾಯಿಯನ್ನು ಗೇಟಿನಲ್ಲೇ ಇಟ್ಟುಕೊಂಡು ಮಾವನನ್ನು ಒಳಗೆ ಬಿಟ್ಟರು, ನನ್ನನ್ನು ಹೊರಗೇ ನಿಲ್ಲಿಸಿದರು. ಒಳಗೆ ನಡೆದದ್ದನ್ನು ಆಮೇಲೆ ಮಾವನೇ ಹೇಳಿದ್ದು. ಅಧಿಕಾರಿ ಆ ದೇಶದವನು, ಪಕ್ಕದಲ್ಲಿ ಕನ್ನಡಕ್ಕೆ ತಿರುಗಿಸಿ ಹೇಳುವ ಒಬ್ಬ ಹೆಣ್ಣುಮಗಳು. ವಾಪಸ್ ಬರುತ್ತೀರಿ ಎನ್ನಲು ಏನು ಆಧಾರ ಎಂದು ಕೇಳಿಯೇ ಕೇಳಿದರು.

"ಅಟ್ಟದ ತುಂಬ ಕೊಬ್ಬರಿ ಐತೆ ತಾಯಿ. ಕೆಳಗಿಳಿಸೋಕೆ ನಾನೇ ಬರ್ಬೇಕು. ಕೊಬ್ಬರಿ ಬಿಟ್ಟು ಯಾರಾದ್ರೂ ಪರದೇಶದಲ್ಲಿ ಕೂರ್ತಾರಾ?"

"ಅದಕ್ಕೆ ಪುರಾವೆ?"

"ತಂದಿದ್ದೆ, ನಿಮ್ಮ ಗೇಟಲ್ಲೇ ಕಿತ್ಕೊಂಡವ್ರೆ!"

ವೀಸಾ ಸಿಗಲಿಲ್ಲ. ಮರಳಿ ಬರುವರೆಂಬ ನಂಬಿಕೆ ಹುಟ್ಟಲಿಲ್ಲ ಎಂದು ಬರೆದು ಪಾಸ್‌ಪೋರ್ಟ್ ಹಿಂದಕ್ಕೆ ಕೊಟ್ಟರು. ಮಾವನಿಗೆ ವೀಸಾ ಸಿಗದ್ದಕ್ಕಿಂತ ಕೊಬ್ಬರಿಯನ್ನು ನಂಬಲಿಲ್ಲವಲ್ಲ ಎಂದು ಸಂಕಟ. ಗುಬ್ಬಿ ಸೀಮೆಯಲ್ಲಿ ಅಟ್ಟದ ಕೊಬ್ಬರಿ ನೋಡಿ ಹೆಣ್ಣು ಕೊಡುತ್ತಾರೆ, ಇವರು ಒಂದು ವೀಸಾ ಕೊಡಲಿಲ್ಲ!

ಅಷ್ಟರಲ್ಲಿ ಗೌರಿ ಹಬ್ಬ ಬಂತು, ಹೋಯಿತು. ತುಂಬಿದ ಮೊರ ಮಾವನ ಮನೆಯ ದೇವರ ಗೂಡಿನ ಮುಂದೆ ಹಾಗೇ ಕೂತಿತ್ತು. ಹಬ್ಬದ ಮಾರನೇ ದಿನ ಅವರು ತಂಗಿಗೆ ಫೋನ್ ಮಾಡಿದರು. ನಾನೂ ನನ್ನ ಹೆಂಡತಿಯೂ ಅಲ್ಲೇ ಇದ್ದೆವು. ಸ್ಪೀಕರಿನಲ್ಲಿ ಕುಣಿಗಲ್ ಅತ್ತೆಯ ದನಿ ಸ್ಪಷ್ಟವಾಗಿ ಕೇಳಿತು.

"ನೀವು ಯಾರ ಮನೆಯವ್ರು?"

ಮಾವ ಫೋನನ್ನು ಮೆಲ್ಲಗೆ ನನ್ನ ಕೈಗೆ ಕೊಟ್ಟು ತೋಟದ ಕಡೆ ಹೋದರು. ಬಹಳ ಹೊತ್ತು ಬರಲಿಲ್ಲ. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ವಾಪಸ್ ಬಂದವರು ಮುಖ ತೊಳೆದು, ಟವೆಲ್ಲಿನಲ್ಲಿ ಒರೆಸಿಕೊಂಡು, "ಅಳಿಯಂದ್ರೆ, ಇನ್ನೊಂದು ಅರ್ಜಿ ಹಾಕ್ರಿ" ಎಂದರು.

ನನ್ನ ಹೆಂಡತಿ ತಡೆಯಲಾರದೆ, "ಅಪ್ಪಾ, ಅತ್ತೆಗೆ ಗುರುತೇ ಸಿಕ್ಕಲಿಲ್ಲ. ಹಬ್ಬನೂ ಮುಗೀತು. ಇನ್ಯಾಕಪ್ಪಾ?" ಎಂದಳು.

"ಬಾಗಿನ ಅವಳ್ದು ಕಣವ್ವ. ನನ್ನ ಮನೇಲಿ ಇಟ್ಕೊಳ್ಳೋಕಾಯ್ತದಾ?"

ಎರಡನೇ ಅರ್ಜಿ ಹಾಕಿದೆವು. ಈ ಸಲ ಪಹಣಿ, ತೋಟದ ಫೋಟೋ, ಅಟ್ಟದ ಫೋಟೋ, ಅಟ್ಟದ ಮೇಲೆ ಮಾವ ಕೂತ ಫೋಟೋ ಎಲ್ಲ ಇಟ್ಟೆ. ಕೈಚೀಲವನ್ನು ನಾನೇ ತಡಕಿ ನೋಡಿದೆ. ಎಷ್ಟು ದಿನ ಇರುತ್ತೀರಿ ಎಂದರೆ ಎರಡು ವಾರ ಎನ್ನಿ, ಬೇರೆ ಒಂದು ಮಾತೂ ಬೇಡ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗಿಣಿಪಾಠ ಮಾಡಿಸಿದೆ. ನೆಲಮಂಗಲ ದಾಟುವ ಹೊತ್ತಿಗೆ ಹಿಂದಿನ ಸೀಟಿನವರಿಗೂ ಬಾಯಿಪಾಠ ಆಗಿತ್ತು.

ಒಳಗೆ ಹೋದರು. ಅದೇ ಅಧಿಕಾರಿ, ಅದೇ ಹೆಣ್ಣುಮಗಳು. ಎಷ್ಟು ದಿನ ಇರ್ತೀರಿ ಎಂದು ಕೇಳಿದ್ದಾರೆ.

"ಬಾಗಿನ ಕೊಟ್ಟು, ಊಟ ಮಾಡಿ, ಹೊರಟುಬುಡ್ತೀನಿ" ಎಂದಿದ್ದಾರೆ ಮಾವ!

ಅಷ್ಟು ದೂರ ಹೋಗಿ ಒಂದೇ ಊಟವೇ ಎಂದು ಅಧಿಕಾರಿಗೆ ಆಶ್ಚರ್ಯ. ಮಾವ ಆ ಹೆಣ್ಣುಮಗಳಿಗೆ, "ನೀನೇ ಹೇಳವ್ವ. ಹೆಣ್ಣು ಕೊಟ್ಟ ಮನೇಲಿ ತವರಿನೋರು ಡೇರೆ ಹಾಕ್ಕೊಂಡು ಕೂತ್ರೆ ಚೆಂದವಾ? ಕುಣಿಗಲ್‌ನಲ್ಲಿ ಇದ್ದಾಗ್ಲೂ ಒಂದ್ ರಾತ್ರಿ ಉಳ್ಕೊಂಡೋನಲ್ಲ ನಾನು" ಎಂದರಂತೆ. ಆಕೆ ಅದನ್ನು ತಿರುಗಿಸಿ ಹೇಳುತ್ತಾ ಹೇಳುತ್ತಾ ನಡುವೆ ನಿಲ್ಲಿಸಿ, ಕಣ್ಣೊರೆಸಿಕೊಂಡು, ಮತ್ತೆ ಮುಂದುವರಿಸಿದಳಂತೆ. ಅವಳಿಗೂ ಒಬ್ಬ ಅಣ್ಣ ಇರಬೇಕು. ಒಟ್ಟಿನಲ್ಲಿ ಹಿಂತಿರುಗಿ ಹೋಗುತ್ತೇನೆಂದು ಇಷ್ಟು ಬಲವಾಗಿ ಸಾಧಿಸಿದವರನ್ನು ಆ ಅಧಿಕಾರಿ ಕಂಡಿರಲಿಕ್ಕಿಲ್ಲ. ವೀಸಾ ಬಂತು!

ಅಕ್ಕಿ, ಬೇಳೆ, ಕಾಯಿ ಎಲ್ಲ ಆ ದೇಶದೊಳಗೆ ಬಿಡುವುದಿಲ್ಲ ಎಂದು ಕುಣಿಗಲ್ ಅತ್ತೆಯ ಮಗಳು ಎಚ್ಚರಿಸಿದ್ದಳು. ಅವನ್ನೆಲ್ಲ ಅಲ್ಲೇ ಅಂಗಡಿಯಲ್ಲಿ ತಂದು ತುಂಬುವುದೆಂದಾಯಿತು. ಬಳೆ, ಅರಿಶಿನ ಕುಂಕುಮ, ರವಿಕೆ ಬಟ್ಟೆ, ಪುಟ್ಟ ಕನ್ನಡಿ ಇಟ್ಟ ಮೊರವನ್ನು ಮಾತ್ರ ಮಾವ ವಿಮಾನದಲ್ಲೂ ತೊಡೆಯ ಮೇಲೇ ಇಟ್ಟುಕೊಂಡು ಹೋದರಂತೆ. ಆ ವಿಮಾನದ ಹುಡುಗಿಯರಿಗೆ ಏನು ಹೇಳಿ ಒಪ್ಪಿಸಿದರೋ ನನಗೆ ತಿಳಿಯದು.

ಮುಂದಿನದನ್ನು ನಾನು ನೋಡಿದ್ದು ಅತ್ತೆಯ ಮಗಳು ಕಳಿಸಿದ ವಿಡಿಯೋದಲ್ಲಿ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕುಣಿಗಲ್ ಅತ್ತೆ. ತುಂಬ ಇಳಿದುಹೋಗಿದ್ದಾರೆ. ಸೀರೆಯಿಲ್ಲ, ನೈಟಿಯ ಮೇಲೆ ದಪ್ಪನೆಯ ಸ್ವೆಟರ್. ಮಾವ ಎದುರಿಗೆ ನಿಂತರೂ ಅವರು ಮುಖ ನೋಡಲಿಲ್ಲ. ಮಾವ ತುಂಬಿದ ಮೊರವನ್ನು ಮುಂದಕ್ಕೆ ಹಿಡಿದರು. ಅತ್ತೆ ಅದನ್ನೇ ನೋಡಿದರು. ಬಾಗಿನವನ್ನು ಸೆರಗೊಡ್ಡಿ ತೆಗೆದುಕೊಳ್ಳಬೇಕಲ್ಲವೇ? ಅವರ ಕೈ ಹೆಗಲ ಮೇಲೆ ಸೆರಗು ಹುಡುಕಿತು. ಅಲ್ಲಿರಲಿಲ್ಲ. ಮತ್ತೆ ಹುಡುಕಿತು. ಮಾವ ತಮ್ಮ ಹೆಗಲ ಮೇಲಿನ ಟವೆಲ್ ತೆಗೆದು ತಂಗಿಯ ಹೆಗಲಿಗೆ ಹಾಕಿದರು. ಅತ್ತೆ ಅದರ ತುದಿಯನ್ನು ಎರಡೂ ಕೈಯಲ್ಲಿ ಒಡ್ಡಿ ಮೊರ ತೆಗೆದುಕೊಂಡು, ತಲೆಯೆತ್ತಿ, ಸಿಟ್ಟಿನಿಂದಲೇ ಕೇಳಿದರು:

"ಹಬ್ಬನೇ ಮುಗಿದೋಯ್ತು. ಇಷ್ಟೊತ್ತಿಗಾ ಬರೋದು? ಬಸ್ ಸಿಕ್ಕಲಿಲ್ವೇನಣ್ಣ?"

ಶಿರಾ ಗೇಟ್, ಫೋಟೋ, ಕೊಬ್ಬರಿ, ಸಿಗದ ವೀಸಾ, ಸಿಕ್ಕಿದ ವೀಸಾ, ಯಾವುದನ್ನೂ ಮಾವ ಹೇಳಲಿಲ್ಲ. ನೆಲದ ಮೇಲೆ ತಂಗಿಯ ಕಾಲ ಹತ್ತಿರ ಕೂತುಕೊಂಡರು.

"ಹೂಂ ಕಣವ್ವ, ತುಮಕೂರಲ್ಲಿ ಬಸ್ಸು ತಪ್ಪೋಯ್ತು."